ದತ್ತುಮಗನೂ ದಯೆಯ ಮಗನೂ

ತಂದೆತಾಯಿಗಳಿಲ್ಲದೆ ಸರಕಾರದ ಪಾಲನೆಯಲ್ಲಿ ಬೆಳೆಯುವ ಕೂಸುಗಳಲ್ಲಿ ದೇಹದ ಊನವೋ, ಬುದ್ಧಿಯ ಕೊರತೆಯೋ, ತೀರದ ರೋಗವೋ ಉಳ್ಳ ಒಂದನ್ನು ಯಾರಾದರೂ ದತ್ತು ತಕ್ಕೊಂಡರೆಂದು ಕೇಳಿದಾಗ, ಎಂಥಾ ದಯಾವಂತರು ಎಂದು ಊರವರು ಹೊಗಳುವದುಂಟು. ಆ ಹೊಗಳಿಕೆ ಒಳ್ಳೇ ಮನಸ್ಸಿನಿಂದಲೇ ಬರುತ್ತದೆ. ಆದರೂ ಅದನ್ನು ಆ ಮಗುವಿನ ಕಿವಿಯಿಂದ ಕೇಳಿ ನೋಡಬೇಕು. ನೀನು ಇಲ್ಲಿರುವದು ಇವರ ದಯೆಯಿಂದ ಎಂಬ ಮಾತನ್ನು ತನ್ನ ಮನೆಯ ಹೊಸಲಿನಲ್ಲೇ ಹತ್ತು ಜನರ ಬಾಯಿಂದ ಕೇಳುವವನು ಮಗನೋ, ಧರ್ಮದ ಅನ್ನ ಉಣ್ಣುವವನೋ? ದಯೆಯು ದತ್ತಕಕ್ಕೆ ಸಾಲುವದೋ ಎಂಬ ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸುವ.

ಎರಡನೇ ಸಮುವೇಲನ ಪುಸ್ತಕದಲ್ಲಿರುವ ಮೆಫೀಬೋಶೆತನ ವೃತ್ತಾಂತ ನಿಮಗೆ ತಿಳಿದದ್ದೇ. ಅವನು ಯೋನಾತಾನನ ಮಗನು. ಐದು ವರುಷದವನಾಗಿದ್ದಾಗ ದಾದಿಯ ಕೈಯಿಂದ ಬಿದ್ದು ಎರಡು ಕಾಲೂ ಕುಂಟಾದವನು. ದಾವೀದನು ಯೋನಾತಾನನ ನಿಮಿತ್ತ ಅವನನ್ನು ಕರತರಿಸಿ, ಸೌಲನ ಭೂಮಿಯನ್ನು ತಿರಿಗಿ ಕೊಟ್ಟು, ಅರಸನ ಮಕ್ಕಳ ಪಂಕ್ತಿಯಲ್ಲಿ ಊಟಕ್ಕೆ ಕೂಡ್ರಿಸಿದನು. ಇದನ್ನು ದತ್ತಕದ ದೃಷ್ಟಾಂತವಾಗಿ ಪ್ರಸಂಗಗಳಲ್ಲಿ ಹೇಳುವದುಂಟು. ಆದರೆ ಬಹು ಮಂದಿ ಅಲ್ಲಿಗೇ ಪುಸ್ತಕವನ್ನು ಮುಚ್ಚುತ್ತಾರೆ. ಮುಂದೆ ಅಬ್ಷಾಲೋಮನ ದಂಗೆಯ ನಿಮಿತ್ತ ದಾವೀದನು ಪಟ್ಟಣ ಬಿಟ್ಟು ಹೋಗುವಾಗ ಸೇವಕನಾದ ಚೀಬನು ಬಂದು ಈ ಕುಂಟನ ಮೇಲೆ ಚಾಡಿ ಹೇಳಿದನು. ಅರಸನು ವಿಚಾರಣೆ ಮಾಡದೆ ಅವನಿಗಿದ್ದದ್ದನ್ನೆಲ್ಲಾ ಒಂದೇ ಮಾತಿನಿಂದ ಚೀಬನಿಗೆ ಕೊಟ್ಟುಬಿಟ್ಟನು. ಮೆಫೀಬೋಶೆತನು ಬಂದು ತನ್ನ ಸಂಗತಿಯನ್ನು ಅರಿಕೆ ಮಾಡಿದ ಮೇಲೂ ಅರ್ಧವೇ ತಿರಿಗಿ ಸಿಕ್ಕಿತು. ಅದೇ ಕಾಲದಲ್ಲಿ ತಂದೆಯ ವಿರೋಧವಾಗಿ ದಂಡೆತ್ತಿದ ಅಬ್ಷಾಲೋಮನು ಸತ್ತಾಗ, ದಾವೀದನು ಅವನನ್ನು ವೈರಿಯೆಂದೆಣಿಸದೆ ಮಗನೆಂದೇ ಗೋಳಾಡಿದನು. ಮಗನು ದ್ರೋಹ ಮಾಡಿಯೂ ಮಗನಾಗಿ ಉಳಿದನು. ದಯೆಯಿಂದ ಕೂತವನು ತಪ್ಪಿಲ್ಲದೆ ಎಲ್ಲವನ್ನೂ ಕಳಕೊಂಡನು.

ನಮ್ಮ ದೇಶದ ಕಾಯಿದೆಯೂ ಬಹು ಕಾಲ ಕ್ರೈಸ್ತರ ಮನೆಯ ಸಾಕುಮಕ್ಕಳನ್ನು ಹೆಚ್ಚುಕಡಿಮೆ ಮೆಫೀಬೋಶೆತನ ಸ್ಥಿತಿಯಲ್ಲೇ ಇಟ್ಟಿತ್ತು. ಹಿಂದುಗಳಿಗೆ 1956ರ ದತ್ತಕದ ಕಾಯಿದೆ ಇತ್ತು, ನಮಗೆ ಅಂಥದ್ದಿರಲಿಲ್ಲ. 1890ರ ಪೋಷಕರ ಮತ್ತು ಪಾಲ್ಯರ ಕಾಯಿದೆಯ ಪ್ರಕಾರ ನಾವು ಪೋಷಕರಾಗಬಹುದಿತ್ತೇ ಹೊರತು, ಆ ಕಾಯಿದೆಯಿಂದ ತಂದೆತಾಯಿಗಳಾಗುವ ಹಾಗಿರಲಿಲ್ಲ. ಮಗುವಿಗೆ ಆಸ್ತಿಯ ಹಕ್ಕು ಹುಟ್ಟುತ್ತಿರಲಿಲ್ಲ. 2000ದ ಬಾಲನ್ಯಾಯ ಕಾಯಿದೆಯೂ 2006ರ ಅದರ ತಿದ್ದುಪಡಿಯೂ ಎಲ್ಲಾ ಮತದವರಿಗೆ ಬಾಗಿಲು ತೆರೆದವು. ಶಬನಮ್ ಹಾಷ್ಮಿಯವರ ಮೊಕದ್ದಮೆಯಲ್ಲಿ 2014ರಲ್ಲಿ ಸುಪ್ರೀಮ್ ಕೋರ್ಟು ಅದನ್ನು ಸ್ಪಷ್ಟವಾಗಿ ಹೇಳಿತು. ಈಗಿರುವ 2015ರ ಕಾಯಿದೆಯ ಮೇರೆಗೆ, ದತ್ತಕದ ಆಜ್ಞೆಯಾದ ದಿನದಿಂದ ಆ ಕೂಸು ಸಕಲ ವಿಷಯಗಳಲ್ಲಿಯೂ ಹೆತ್ತ ಮಗುವಿನಂತೆಯೇ. 2021ರ ತಿದ್ದುಪಡಿಯ ಮೇಲೆ ಆ ಆಜ್ಞೆಯನ್ನು ಕೋರ್ಟಿನ ಬದಲಾಗಿ ಜಿಲ್ಲಾಧಿಕಾರಿಗಳು ಕೊಡುತ್ತಾರೆ. ಕಾಯಿದೆಯೇ ಹಕ್ಕೆಂದು ಹೇಳಿದ್ದನ್ನು ನಾವು ಮನೆಯಲ್ಲಿ ತಿರಿಗಿ ದಯೆಯಾಗಿ ಮಾಡುವದು ಸರಿಯೋ?

ಇನ್ನು ಆರಿಸುವ ವಿಷಯ. ಹೊಟ್ಟೆಯಲ್ಲಿ ಹುಟ್ಟಿದ ಕೂಸನ್ನು ಯಾರೂ ಆರಿಸಿ ತಕ್ಕೊಳ್ಳಲಿಲ್ಲವಲ್ಲಾ, ಇಲ್ಲಿ ಮಾತ್ರ ಆರೋಗ್ಯವುಳ್ಳದ್ದೇ ಬೇಕೆಂದು ಕೇಳುವದು ಪಾಪವಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ಹಾಗೆಂದು ನಾನು ಹೇಳಲಾರೆನು. ಥಲಸ್ಸೇಮಿಯಾ ಎಂಬ ರಕ್ತದ ರೋಗವು ಬಲವಾಗಿರುವ ಮಗುವಿಗೆ ಎರಡು ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. ಎರಡು ಬಸ್ಸು ಹತ್ತಿ ಜಿಲ್ಲಾ ಆಸ್ಪತ್ರೆಗೆ ಹೋಗತಕ್ಕ ಕೂಲಿಯವನು ಆ ದಿನದ ಕೂಲಿಯನ್ನೂ ಲೆಕ್ಕಿಸಬೇಕಾದೀತು; ಆಗುವದಿಲ್ಲವೆಂದು ಅವನು ನಿಜವಾಗಿ ಹೇಳಿದರೆ ಅದು ತನ್ನ ಬಲವನ್ನು ಅಳೆದುಕೊಂಡದ್ದೇ. ಆದರೆ ಹೆಚ್ಚಿನವರು ಅಳೆಯುವದೇ ಇಲ್ಲ. ರೋಗದ ಹೆಸರು ಕೇಳಿಯೇ ಬೆದರುತ್ತಾರೆ. ಸೀಳುತುಟಿಯನ್ನು ಎಳೇ ಪ್ರಾಯದಲ್ಲೇ ಶಸ್ತ್ರಕ್ರಿಯೆಯಿಂದ ಸರಿಪಡಿಸಬಹುದು. ಸೊಟ್ಟ ಪಾದವನ್ನು ವಾರ ವಾರ ಪ್ಲಾಸ್ಟರು ಕಟ್ಟಿ ಕ್ರಮವಾಗಿ ನೇರ ಮಾಡುತ್ತಾರೆ. ಆ ಮೇಲೆ ಕೆಲವು ವರುಷ ರಾತ್ರಿಯಲ್ಲಿ ಪಟ್ಟಿಯ ಜೋಡು ಹಾಕಿಸಬೇಕು, ಇದೇ ತಾಯಿಗೆ ತಾಳ್ಮೆಯ ಕೆಲಸ. ಡೌನ್ ಸಿಂಡ್ರೋಮ್ ಉಳ್ಳ ಕೂಸೋ ವಾಸಿಯಾಗುವದಿಲ್ಲ; ಅದು ನಿಧಾನವಾಗಿ ಕಲಿಯುತ್ತದೆ. ಇವೆಲ್ಲವನ್ನೂ ಒಂದೇ ಪಟ್ಟಿಯಲ್ಲಿ ವಿಶೇಷ ಅಗತ್ಯವೆಂದು ಬರೆಯುತ್ತಾರೆ. ಹೀಗಿರುವದರಿಂದ ಆರೋಗ್ಯದ ಕೂಸಿಗಾಗಿ ವರುಷಗಟ್ಟಲೆ ಕಾಯುವವರು ಒಂದು ಕಡೆ, ಮನೆಗಾಗಿ ಕಾಯುವ ಮಕ್ಕಳು ಇನ್ನೊಂದು ಕಡೆ. ಅಂಥವರಲ್ಲಿ ಅನೇಕರಿಗೆ ಕಡೆಗೆ ಸಿಕ್ಕುವ ಮನೆಯು ಪರದೇಶದ್ದು.

ಮರುಕದಿಂದ ಒಮ್ಮೆಲೇ ಎತ್ತಿಕೊಂಡು ಬಂದವರ ವಿಷಯದಲ್ಲಿ ನನಗೆ ಹೆಚ್ಚು ಭಯ. ಮರುಕವು ಕಣ್ಣೀರಿನಂತೆ ಬೇಗ ಒಣಗುತ್ತದೆ. ಮೂರನೇ ವರುಷದಲ್ಲಿಯೂ ಮಾತು ಬಾರದ ಮಗುವನ್ನು ರಾತ್ರಿ ಎತ್ತಿಕೊಂಡು ಕೂತಿರುವಾಗ ಅದು ಎಲ್ಲಿರುತ್ತದೆ? ಕೂಸುಗಳನ್ನು ಸಂಸ್ಥೆಗೆ ತಿರಿಗಿ ಒಪ್ಪಿಸಿಬಿಡುವದೂ ನಡೆಯುತ್ತದೆ. ದತ್ತಕದ ನಿಯಮಗಳಲ್ಲಿ ಅದಕ್ಕೂ ಕ್ರಮ ಬರೆದಿಡಬೇಕಾಯಿತು. ಒಮ್ಮೆ ಬಿಡಲ್ಪಟ್ಟ ಮಗು ಎರಡನೇ ಸಾರಿ ಬಿಡಲ್ಪಡುವದು ಹೇಗೆಂಬದನ್ನು ಯೋಚಿಸಿರಿ. ಹೀಗೆ ಮಾಡುವದಕ್ಕಿಂತ ಮೊದಲೇ ಬೇಡವೆಂದವನು ಅದಕ್ಕೆ ಕಡಿಮೆ ಕೇಡು ಮಾಡಿದನು.

ನಾವು ಸತ್ತ ಮೇಲೆ ಇವನ ಗತಿ ಏನು ಎಂಬ ಚಿಂತೆ ಮಾತ್ರ ದಯೆಯದ್ದಲ್ಲ, ತಂದೆತಾಯಿಗಳದ್ದೇ. ಬುದ್ಧಿಮಾಂದ್ಯ, ಆಟಿಸಮ್, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯಗಳುಳ್ಳವರು 18 ವರುಷ ತುಂಬಿದ ಮೇಲೆಯೂ ಅವರಿಗೆ ಪೋಷಕರನ್ನು ನೇಮಿಸುವದಕ್ಕೆ 1999ರ ರಾಷ್ಟ್ರೀಯ ಟ್ರಸ್ಟ್ ಕಾಯಿದೆಯಲ್ಲಿ ದಾರಿಯಿದೆ. ಜಿಲ್ಲೆಯಲ್ಲಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಆ ಅರ್ಜಿಯಲ್ಲಿ ತಮ್ಮ ಹೆಸರು ಬರೆಯಿಸುವದಕ್ಕೆ ಒಪ್ಪುವರೋ ಎಂದು ಅಣ್ಣತಮ್ಮಂದಿರನ್ನೂ ಹಿರೇ ಮಕ್ಕಳನ್ನೂ ಕೂಸು ಮನೆಗೆ ಬರುವದಕ್ಕೆ ಮುಂಚೆಯೇ ಕೇಳತಕ್ಕದ್ದು.