ತನ್ನ ಮನೆಯ ಎದುರಿನ ಗೋಡೆ



ಬಂಡೆಯ ಮೇಲೆ ಮನೆ ಕಟ್ಟಿದವನ ಮತ್ತು ಮರಳಿನ ಮೇಲೆ ಕಟ್ಟಿದವನ ಸಾಮತಿಯನ್ನು ನಾವು ಧರ್ಮೋಪದೇಶದ ತರಗತಿಯಿಂದಲೇ ಕೇಳುತ್ತ ಬಂದಿದ್ದೇವೆ. ಸಂತ ಮತ್ತಾಯನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಆದರೆ ಕೃಷ್ಣೆಯ ದಡದಲ್ಲಿ ಕುಳಿತು ಅದನ್ನು ಕೇಳುವುದೇ ಬೇರೆ. ಸಾಂಗಲಿಯ ಆಯರ್ವಿನ್ ಸೇತುವೆಯ ಬಳಿ ನೀರು 45 ಅಡಿ ದಾಟಿದರೆ ಅಪಾಯ ಎಂಬುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. 2005ರಲ್ಲಿ ದಾಟಿತು, 2021ರಲ್ಲೂ ದಾಟಿತು. 2019ರ ಆಗಸ್ಟ್‌ನಲ್ಲಂತೂ 57 ಅಡಿಯನ್ನೂ ಮೀರಿತು. ಆಗ ತಗಡಿನ ಮನೆಗಳಲ್ಲಿ ಉಳಿದದ್ದು ಕೆಸರು ಮಾತ್ರ.

ಪ್ರವಚನ ಕೇಳಿ ಮನೆಗೆ ಹೋಗುವಾಗ ನನಗೆ ಯಾವಾಗಲೂ ಒಂದು ಪ್ರಶ್ನೆ ಬರುತ್ತಿತ್ತು: ಮರಳಿನ ಮೇಲೆ ಕಟ್ಟಿದವನು ನಿಜವಾಗಿಯೂ ದಡ್ಡನೇ, ಅಥವಾ ಬಂಡೆಯ ಮೇಲಿನ ಜಾಗ ಕೊಳ್ಳಲು ಅವನ ಕೈಯಲ್ಲಿ ಹಣವಿರಲಿಲ್ಲವೇ? ನಮ್ಮ ಊರಲ್ಲಿ ತಗ್ಗಿನ ಜಾಗದಲ್ಲಿ, ನಾಲೆಯ ಪಕ್ಕದಲ್ಲಿ, ರೈಲು ಹಳಿಯ ಮಗ್ಗುಲಲ್ಲಿ ಇರುವವರು ಅಲ್ಲಿರಲು ಆಸೆಪಟ್ಟವರಲ್ಲ. ಅಥಣಿ, ಜತ್ತ, ವಿಜಯಪುರದ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದರು. ಸಿಕ್ಕ ಜಾಗದಲ್ಲಿ ನಾಲ್ಕು ಕಂಬ ನೆಟ್ಟರು. ಯೇಸುಸ್ವಾಮಿ ಆ ಸಾಮತಿಯಲ್ಲಿ ಬಡವನನ್ನು ಬೈಯುತ್ತಿಲ್ಲ. ಮಾತು ಕೇಳಿ ನಡೆಯುವವರು ಒಂದು ಕಡೆ, ಕೇಳಿ ಸುಮ್ಮನಿರುವವರು ಇನ್ನೊಂದು ಕಡೆ. ಹಾಗಾದರೆ ಅದು ಕೇಳಿಸಿಕೊಂಡು ಕುಳಿತ ನಮಗೇ ಹೇಳಿದ ಮಾತು. ನೆರೆಯವರಿಗೆ ಬಂಡೆ ಸಿಗುವಂತೆ ನಾವು ಏನು ಮಾಡಿದ್ದೇವೆ?

ಇದಕ್ಕೆ ಉತ್ತರ ಹುಡುಕುವಾಗ ನನಗೆ ನೆಹೆಮೀಯನ ಗ್ರಂಥ ನೆನಪಾಯಿತು. ಭಾನುವಾರದ ವಾಚನಗಳಲ್ಲಿ ಅದು ಅಪರೂಪ. ಮನೆಯಲ್ಲಿ ಬೈಬಲ್ ತೆರೆದು ಎರಡನೆಯ ಅಧ್ಯಾಯದಿಂದ ಐದನೆಯದರವರೆಗೆ ಒಮ್ಮೆ ಓದಿ. ಪರ್ಷಿಯದ ಅರಸನ ಅರಮನೆಯಲ್ಲಿ ಒಳ್ಳೆಯ ಕೆಲಸದಲ್ಲಿದ್ದ ಈತ, ಜೆರುಸಲೇಮಿನ ಗೋಡೆ ಬಿದ್ದಿದೆ ಎಂದು ಕೇಳಿ ಅತ್ತು, ರಜೆ ಪಡೆದು ಬರುತ್ತಾನೆ. ಬಂದವನು ಮೊದಲು ಭಾಷಣ ಮಾಡುವುದಿಲ್ಲ. ರಾತ್ರಿ ಕೆಲವೇ ಜನರೊಡನೆ ಹೊರಟು ಊರಿನ ಗೋಡೆ ಎಲ್ಲೆಲ್ಲಿ ಕುಸಿದಿದೆ, ಯಾವ ಬಾಗಿಲು ಸುಟ್ಟಿದೆ ಎಂದು ಕಣ್ಣಾರೆ ನೋಡುತ್ತಾನೆ. ಒಂದು ಕಡೆ ಅವನ ಸವಾರಿಯ ಪ್ರಾಣಿಗೆ ಮುಂದೆ ಹೋಗಲೂ ದಾರಿಯಿರುವುದಿಲ್ಲ. ನಾವು ಇಂದು ಸರ್ವೇ ಎನ್ನುವುದು ಇದನ್ನೇ.

ಇಂಥದ್ದೇ ಒಂದು ಕೆಲಸ ನಮ್ಮ ಸಾಂಗಲಿ-ಮೀರಜಿನಲ್ಲಿ ನಡೆದಿದೆ. ಪುಣೆಯಲ್ಲಿ 1993ರಲ್ಲಿ ವಾಸ್ತುಶಿಲ್ಪಿ ಪ್ರತಿಮಾ ಜೋಶಿ ಮತ್ತು ಅವರ ಜೊತೆಗಾರರು ಶೆಲ್ಟರ್ ಅಸೋಸಿಯೇಟ್ಸ್ ಎಂಬ ಸ್ವಯಂಸೇವಾ ಸಂಸ್ಥೆ ಕಟ್ಟಿದರು. ಝೋಪಡಪಟ್ಟಿಯ ಪ್ರತಿ ಮನೆಯನ್ನೂ ನಕ್ಷೆಯ ಮೇಲೆ ಗುರುತಿಸುವುದು, ಅಲ್ಲಿ ಎಷ್ಟು ಜನ, ಏನು ಕೆಲಸ, ನೀರು ಎಲ್ಲಿಂದ, ಶೌಚಾಲಯ ಇದೆಯೋ ಇಲ್ಲವೋ ಎಂದು ಮನೆ ಮನೆಗೆ ಹೋಗಿ ಬರೆದುಕೊಳ್ಳುವುದು, ಆಮೇಲೆ ಅದನ್ನೆಲ್ಲ ಉಪಗ್ರಹ ಚಿತ್ರದ ಮೇಲೆ ಕೂರಿಸುವುದು ಅವರ ಪದ್ಧತಿ. 2005ರ ಕೊನೆಯಲ್ಲಿ ಕೇಂದ್ರ ಸರ್ಕಾರ ನೆಹರೂ ಹೆಸರಿನ ನಗರ ನವೀಕರಣ ಅಭಿಯಾನ ಆರಂಭಿಸಿತು. ಅದರಡಿ ಸಣ್ಣ ನಗರಗಳಿಗಾಗಿ ವಸತಿ ಹಾಗೂ ಕೊಳೆಗೇರಿ ಅಭಿವೃದ್ಧಿ ಕಾರ್ಯಕ್ರಮ ಬಂದಾಗ ಸಾಂಗಲಿ-ಮೀರಜ-ಕುಪವಾಡ ಮಹಾನಗರಪಾಲಿಕೆ ಈ ಸಂಸ್ಥೆಯ ನೆರವು ಪಡೆಯಿತು. ಒಂದೊಂದು ಝೋಪಡಪಟ್ಟಿಗೆ ಬೇರೆ ಬೇರೆ ಯೋಜನೆ ಮಾಡದೆ ಇಡೀ ನಗರವನ್ನು ಒಂದೇ ನಕ್ಷೆಯಲ್ಲಿ ನೋಡಿದ್ದೇ ಇಲ್ಲಿನ ವಿಶೇಷ. ಹಾಗೆ ನೋಡಿದಾಗ ಯಾರು ಇದ್ದಲ್ಲಿಯೇ ಉಳಿಯಬಹುದು, ಯಾರನ್ನು ಸ್ಥಳಾಂತರಿಸಲೇಬೇಕು, ಅವರಿಗೆ ಹತ್ತಿರದಲ್ಲೇ ಎಲ್ಲಿ ಜಾಗವಿದೆ ಎಂಬುದು ತಿಳಿಯುತ್ತದೆ. ಊರ ಹೊರಗೆ ಎಂಟು ಕಿಲೋಮೀಟರ್ ದೂರ ಕೊಟ್ಟ ಘರಕುಲದಿಂದ ಗವಂಡಿ ಕೆಲಸಕ್ಕೆ, ಹಳದಿ ಗೋದಾಮಿಗೆ, ಮೀರಜಿನ ದವಾಖಾನೆಯ ಕೆಲಸಕ್ಕೆ ದಿನವೂ ಹೇಗೆ ಬರುವುದು? ಮನೆ ಸಿಕ್ಕು ಕೂಲಿ ಹೋದರೆ ಆ ಮನೆಯನ್ನು ಮಾರಿ ಮತ್ತೆ ನಾಲೆಯ ಪಕ್ಕಕ್ಕೇ ಬರುತ್ತಾರೆ.

ಮನೆಯ ಒಳಗಿನ ವಿನ್ಯಾಸವನ್ನು ಹೆಂಗಸರ ಮುಂದೆ ಮಾದರಿ ಇಟ್ಟು ಚರ್ಚಿಸುವುದು, ಒಲೆ ಎಲ್ಲಿರಬೇಕು, ಬಟ್ಟೆ ಒಗೆಯುವ ಜಾಗ ಎಲ್ಲಿರಬೇಕು ಎಂದು ಕೇಳುವುದು ಕೂಡ ಈ ಸಂಸ್ಥೆಯ ರೂಢಿ. ಮನೆ ಹೆಂಡತಿಯ ಹೆಸರಿನಲ್ಲಿ ಅಥವಾ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಇರಬೇಕೆಂಬುದು ಸರ್ಕಾರದ್ದೇ ನಿಯಮವಾಗಿತ್ತು. ಫಲಾನುಭವಿಯೂ ಸಾಮಾನ್ಯವಾಗಿ ವೆಚ್ಚದ ನೂರಕ್ಕೆ 12ರಷ್ಟು ಪಾಲು ಕೊಡಬೇಕಿತ್ತು. ಪರಿಶಿಷ್ಟರು, ಹಿಂದುಳಿದವರು ಮೊದಲಾದವರಿಗೆ 10. ಪುಕ್ಕಟೆ ಕೊಡಬಾರದಿತ್ತೇ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತನ್ನ ಪಾಲು ಹಾಕಿದವಳು ಕಾಮಗಾರಿ ತಡವಾದರೆ ಪಾಲಿಕೆಯ ಬಾಗಿಲಿಗೆ ಹೋಗಿ ಕೇಳುತ್ತಾಳೆ, ದಾನ ಪಡೆದವಳು ಕೇಳಲು ಹಿಂಜರಿಯುತ್ತಾಳೆ. ಇದೇ ಸಂಸ್ಥೆ ಮುಂದೆ ಒಂದು ಮನೆಗೊಂದು ಶೌಚಾಲಯ ಎಂಬ ಕೆಲಸವನ್ನೂ ಕೈಗೆತ್ತಿಕೊಂಡಿತು. ಸಾಮಾನು ಮನೆ ಬಾಗಿಲಿಗೆ ಬರುತ್ತದೆ, ಕಟ್ಟುವ ಕೂಲಿ ಮನೆಯವರದು.

ನೆಹೆಮೀಯನ ಮೂರನೆಯ ಅಧ್ಯಾಯವೂ ಹೀಗೆಯೇ. ಓದಲು ಬೇಸರ ತರಿಸುವ ಹೆಸರುಗಳ ಪಟ್ಟಿ ಅದು, ಆದರೆ ನಿಧಾನವಾಗಿ ಓದಿದರೆ ಅಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಇಂಥವನು ತನ್ನ ಮನೆಯ ಎದುರಿನ ಗೋಡೆಯನ್ನು ಕಟ್ಟಿದ. ಅಕ್ಕಸಾಲಿಗರು ಕಟ್ಟಿದರು, ವ್ಯಾಪಾರಿಗಳು ಕಟ್ಟಿದರು. ಶಲ್ಲೂಮ ಎಂಬವನು ತನ್ನ ಹೆಣ್ಣುಮಕ್ಕಳೊಡನೆ ಕಟ್ಟಿದ. ಮೆಷುಲ್ಲಾಮ ಎಂಬವನು ತನ್ನ ಕೋಣೆಯ ಎದುರು ಕಟ್ಟಿದ. ಅವನಿಗಿದ್ದದ್ದು ಒಂದೇ ಕೋಣೆಯೋ ಏನೋ. ಒಂದೇ ಖೋಲಿಯ ಬಾಡಿಗೆ ಮನೆಯಲ್ಲಿರುವ ನಮ್ಮವರು ಅವನನ್ನು ನೆನಪಿಟ್ಟುಕೊಳ್ಳಬೇಕು. ತೆಕೋವದ ದೊಡ್ಡ ಮನುಷ್ಯರು ಮಾತ್ರ ಬಗ್ಗಿ ಕೆಲಸ ಮಾಡಲಿಲ್ಲವೆಂದು ಅವರನ್ನೂ ಬರೆದಿಟ್ಟಿದ್ದಾರೆ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಐದನೆಯ ಅಧ್ಯಾಯ. ಗೋಡೆ ಏಳುತ್ತಿರುವಾಗಲೇ ಬಡವರು, ಅದರಲ್ಲೂ ಹೆಂಗಸರು, ಕೂಗಿಕೊಂಡು ಬರುತ್ತಾರೆ. ಹೊಲ, ಮನೆ, ತೋಟ ಒತ್ತೆ ಬಿದ್ದಿವೆ. ಮಕ್ಕಳನ್ನು ಜೀತಕ್ಕೆ ಬಿಡಬೇಕಾಗಿದೆ. ಸಾಲ ಕೊಟ್ಟವರು ಹೊರಗಿನವರಲ್ಲ, ತಮ್ಮದೇ ಸಹೋದರರು. ನೆಹೆಮೀಯ ಸಿಟ್ಟಾಗುತ್ತಾನೆ. ಗೋಡೆಯ ಕೆಲಸದ ನಡುವೆಯೇ ದೊಡ್ಡ ಸಭೆ ಕರೆದು, ಒತ್ತೆ ಇಟ್ಟದ್ದನ್ನು ಅಂದೇ ಬಿಡಿಸಿಕೊಡಬೇಕು, ನೂರರಲ್ಲೊಂದು ಪಾಲು ವಸೂಲಿ ಮಾಡುತ್ತಿರುವುದನ್ನೂ ಹಿಂದಿರುಗಿಸಬೇಕು ಎನ್ನುತ್ತಾನೆ. ಅದು ತಿಂಗಳಿಗೆ ಒಂದು ಟಕ್ಕೆ ಬಡ್ಡಿ ಎಂದು ಹಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಒಂದು ಟಕ್ಕೆಗೆ ಅಷ್ಟು ಸಿಟ್ಟು!

ನಮ್ಮ ಗಲ್ಲಿಗಳಲ್ಲಿ ಐದು ಟಕ್ಕೆ ಬಡ್ಡಿ ಸಾಮಾನ್ಯ. ಬಿ.ಎಸ್‌ಸಿ. ಓದಿದ ನನಗೆ ಲೆಕ್ಕ ಕಂಡರೆ ಸುಮ್ಮನಿರಲಾಗದು, ಕ್ಷಮಿಸಿ. ಮಗಳ ಮದುವೆಗೋ ಆಸ್ಪತ್ರೆಗೋ 30,000 ರೂಪಾಯಿ ತಂದಿರಿ ಎನ್ನಿ. ಐದು ಟಕ್ಕೆಯಂತೆ ತಿಂಗಳಿಗೆ 1,500, ವರ್ಷಕ್ಕೆ 18,000 ಬಡ್ಡಿಯೇ ಆಯಿತು. ಇಪ್ಪತ್ತು ತಿಂಗಳಲ್ಲಿ ತಂದಷ್ಟೇ ಕೊಟ್ಟಿರುತ್ತೀರಿ, ಅಸಲು ಮಾತ್ರ ಹಾಗೇ ಇರುತ್ತದೆ. ಅದೇ ಹಣವನ್ನು ಎರಡು ಟಕ್ಕೆಯಂತೆ ನಿಮ್ಮದೇ ಬಚತ್ ಗಟ್‌ನಿಂದ ತಂದಿದ್ದರೆ ವರ್ಷಕ್ಕೆ 7,200 ಆಗುತ್ತಿತ್ತು, ಅದೂ ನಿಮ್ಮದೇ ಪೆಟ್ಟಿಗೆಗೆ ಹಿಂದಿರುಗುತ್ತಿತ್ತು. ಉಳಿಯುವ 10,800 ರೂಪಾಯಿ ಒಬ್ಬ ಹುಡುಗಿಯ ಕಾಲೇಜು ಬಿಡಿಸದೆ ಇರಬಹುದು. ಶೆಲ್ಟರ್ ಅಸೋಸಿಯೇಟ್ಸ್‌ನವರು ನಕ್ಷೆಯ ಜೊತೆಗೆ ಬಾಂಧಣಿ ಎಂಬ ಹೆಸರಿನಲ್ಲಿ ಬಡಾವಣೆಯ ಉಳಿತಾಯ ಗುಂಪುಗಳ ಒಕ್ಕೂಟವನ್ನೂ ಬೆಳೆಸಿದ್ದರ ಅರ್ಥ ಇಲ್ಲಿದೆ. ಗೋಡೆ ಎದ್ದರೂ ಸಾಲ ತೀರದಿದ್ದರೆ, ಮನೆಯ ಕೀಲಿ ಒಂದು ದಿನ ಸಾವಕಾರನ ಜೇಬಿಗೆ ಹೋಗುತ್ತದೆ.

ಇನ್ನು ಕನ್ನಡದವರಾದ ನಮ್ಮದೇ ಒಂದು ತೊಡಕಿದೆ. ಧರ್ಮಕೇಂದ್ರದಲ್ಲಿ ಮರಾಠಿ, ಇಂಗ್ಲಿಷ್, ಕನ್ನಡ ಎಲ್ಲ ಪೂಜೆಗಳಿಗೂ ಒಂದೇ ಪೀಠ. ಪಾಲಿಕೆಯ ಕಿಟಕಿಯಲ್ಲಿ ಮಾತ್ರ ನಾವು ಹಿಂದೆ ಸರಿಯುತ್ತೇವೆ. ಆಧಾರ್‌ನಲ್ಲಿ ಊರಿನ ವಿಳಾಸ, ರೇಷನ್ ಕಾರ್ಡ್ ಕರ್ನಾಟಕದ್ದು, ಮತದಾರರ ಪಟ್ಟಿಯಲ್ಲಿ ಹೆಸರು ಇನ್ನೂ ಊರಿನದೇ. ಚುನಾವಣೆಗೆ ಬಸ್ಸು ಹತ್ತಿ ಹೋಗಿ ಅಣ್ಣ ತಮ್ಮಂದಿರನ್ನು ನೋಡಿ ಬರುವ ಸಂತೋಷ ಬಿಡಲಾಗದು. ಒಂದು ದೇಶ ಒಂದು ಪಡಿತರ ವ್ಯವಸ್ಥೆಯಿಂದ ಕರ್ನಾಟಕದ ಕಾರ್ಡಿಗೆ ಇಲ್ಲಿಯೂ ಧಾನ್ಯ ಸಿಗುತ್ತದೆ ನಿಜ. ಆದರೆ ನಾವು ಇಷ್ಟು ವರ್ಷ ಮೀರಜಿನಲ್ಲೇ ಬದುಕಿದ್ದೇವೆ ಎಂದು ತೋರಿಸಬೇಕಾದಾಗ ಹಳೆಯ ಲೈಟ್ ಬಿಲ್ಲು, ಮತದಾರರ ಪಟ್ಟಿ, ತೆರಿಗೆ ಪಾವತಿಯೇ ಬೇಕು. ಮಹಾರಾಷ್ಟ್ರದ ಕೊಳೆಗೇರಿ ಕಾನೂನು ರಕ್ಷಣೆ ಕೊಡುವಾಗ 2000ದ ಜನವರಿ 1ಕ್ಕೆ ಮೊದಲು ಅಲ್ಲಿದ್ದಿರಾ ಎಂದು ನೋಡುತ್ತದೆ. ಇಪ್ಪತ್ತೈದು ವರ್ಷ ಇದ್ದವರೂ ಕಾಗದದಲ್ಲಿ ಇರುವುದಿಲ್ಲ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೆಯ ಹಂತಕ್ಕೂ ನಿಯಮಗಳಿವೆ: ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ವರ್ಷದ ವರಮಾನ 3 ಲಕ್ಷದೊಳಗೆ ಇರಬೇಕು, ಮತ್ತು ಕುಟುಂಬದ ಯಾರ ಹೆಸರಿನಲ್ಲೂ ಭಾರತದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು. ಊರಿನ ಉತಾರದಲ್ಲಿ ನಿಮ್ಮ ಹೆಸರು ಯಾವ ಮನೆಯ ಮೇಲಿದೆ ಎಂದು ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ. ಸುಳ್ಳು ಬರೆಯಬೇಡಿ.

ನಾವು ಯುವಜನರು ಕ್ರಿಸ್ಮಸ್ಸಿಗೆ ಅಕ್ಕಿ, ಬೇಳೆ, ಎಣ್ಣೆಯ ಚೀಲ ಹಂಚುತ್ತೇವೆ. ಹಂಚಬೇಕು, ಹಸಿದ ಹೊಟ್ಟೆಗೆ ನಕ್ಷೆ ತೋರಿಸಲಾಗದು. ಆದರೆ 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡ್ರಿಕ್ ಓಜಾನಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರೊಡನೆ ಸಂತ ವಿನ್ಸೆಂಟ್ ದಿ ಪೌಲ್ ಸಭೆಯನ್ನು ಆರಂಭಿಸಿದಾಗ, ಸೌದೆ ರೊಟ್ಟಿ ಕೊಟ್ಟು ಬಾಗಿಲಿನಿಂದಲೇ ತಿರುಗಿ ಬರಲಿಲ್ಲ. ಸಿಸ್ಟರ್ ರೊಸಾಲಿ ರೆಂಡು ಅವರ ಮಾರ್ಗದರ್ಶನದಲ್ಲಿ ಮನೆಗಳ ಒಳಗೆ ಹೋದರು, ಕುಳಿತರು, ಮತ್ತೆ ಮರುವಾರ ಹೋದರು. ಆ ಸಭೆ 1863ರಲ್ಲಿ ಭಾರತಕ್ಕೂ ಬಂತು. 1997ರಲ್ಲಿ ಎರಡನೆಯ ಜಾನ್ ಪೌಲ್ ಓಜಾನಮರಿಗೆ ಪುನೀತ ಪದವಿ ಕೊಟ್ಟದ್ದು ಯುವಜನರ ವಿಶ್ವ ಸಮ್ಮೇಳನದ ವೇಳೆಯಲ್ಲೇ, ಪ್ಯಾರಿಸಿನಲ್ಲೇ. ಚೀಲ ಕೊಟ್ಟ ಮನೆಯಲ್ಲಿ ಹತ್ತು ನಿಮಿಷ ಕುಳಿತು, ಅಕ್ಕಾ, ಬಡ್ಡಿ ಎಷ್ಟು ಕಟ್ಟುತ್ತೀರಿ, ಮನೆ ಯಾರ ಹೆಸರಿನಲ್ಲಿದೆ ಎಂದು ಕೇಳುವುದು ಚೀಲ ಹೊರುವುದಕ್ಕಿಂತ ಕಷ್ಟ. ಕೇಳುವವನಿಗೂ ನಾಚಿಕೆ, ಹೇಳುವವರಿಗೂ ನಾಚಿಕೆ. ಜೆರುಸಲೇಮಿನ ಹೆಂಗಸರು ಆ ನಾಚಿಕೆ ಬಿಟ್ಟು ಕೂಗಿದ್ದರಿಂದಲೇ ಬಡ್ಡಿ ನಿಂತಿತು.

ಬರುವ ತಿಂಗಳಿನಿಂದ ಕನ್ನಡ ಬಲಿಪೂಜೆಯ ನಂತರ ನಾವು ಐದಾರು ಜನ ದೇವಾಲಯದ ಹಿಂದಿನ ಕೋಣೆಯಲ್ಲಿ ಒಂದು ತಾಸು ಕುಳಿತಿರುತ್ತೇವೆ. ಆಧಾರ್, ರೇಷನ್ ಕಾರ್ಡ್, ಸಿಕ್ಕಷ್ಟು ಹಳೆಯ ಲೈಟ್ ಬಿಲ್ಲುಗಳು, ಮನೆ ತೆರಿಗೆಯ ಪಾವತಿ, ಬ್ಯಾಂಕಿನ ಪಾಸ್‌ಬುಕ್ ತನ್ನಿ. ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸುವ 8ನೇ ನಮೂನೆ ತುಂಬಿಕೊಡುತ್ತೇವೆ. ಮರಾಠಿ ಅರ್ಜಿಯನ್ನು ಕನ್ನಡದಲ್ಲಿ ಓದಿ ಹೇಳುತ್ತೇವೆ, ಸಹಿ ಹಾಕುವ ಮೊದಲು. ಸಾಲದ ಚೀಟಿ ಇದ್ದರೆ ಅದನ್ನೂ ತನ್ನಿ, ಹೆಸರು ಹೊರಗೆ ಹೋಗುವುದಿಲ್ಲ. ಓದು ಬರಹ ಬಲ್ಲ ಪಿಯುಸಿ, ಡಿಗ್ರಿ ಮಕ್ಕಳು ಒಂದು ಪೆನ್ನು ಹಿಡಿದು ಬನ್ನಿ. ಅಜ್ಜ ಅಜ್ಜಿಯರನ್ನು ಕರೆತರಲು ಗಾಡಿ ಇರುವವರು ಫಾದರ್ ಹತ್ತಿರ ಹೆಸರು ಕೊಡಿ.