ಒಲೆ ಯಾರ ಎತ್ತರಕ್ಕೆ?

ಮನೆಗೆ ಚಕ್ರ ಬಂದರೆ ಮನೆಗೆಲಸವೂ ಅದೇ ಚಕ್ರದ ಮೇಲೆ ಏರಿ ಬರುತ್ತದೆಯೇ? ಪ್ರಶ್ನೆ ತಮಾಷೆಯದೆನ್ನಿಸಬಹುದು. ಆದರೆ ಪ್ರವಾಸದ ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೂ ಪುಳಿಯೋಗರೆ ಗೊಜ್ಜು ಕುದಿಸುತ್ತ ನಿಂತ ಹೆಂಗಸಿಗೆ ಇದು ತಮಾಷೆಯೇನೂ ಅಲ್ಲ. ಊರು ಬಿಟ್ಟು ಹೋಗುವುದೆಂದರೆ ನಮಗೆ ಎರಡು ದಿನ ಮುಂಚೆಯೇ ಶುರುವಾಗುವ ದುಡಿಮೆ, ಬಂದ ಮೇಲೂ ಎರಡು ದಿನ ಮುಗಿಯದ ಬಟ್ಟೆಯ ರಾಶಿ. ನಡುವೆ ಸಿಕ್ಕಿದ್ದು ಎಷ್ಟೋ ಅಷ್ಟೇ ಪ್ರವಾಸ.

ಈ ಯೋಚನೆಗೆ ಕಾರಣ ನನ್ನ ತಮ್ಮನ ಮಗ. ಮೈಸೂರಿನಲ್ಲಿ ಕೆಲಸದಲ್ಲಿರುವ ಅವನು ಎರಡು ಸಾಲು ಸೀಟಿರುವ ಹಳೆಯ ಪಿಕಪ್ ಗಾಡಿಯೊಂದನ್ನು ಕೊಂಡಿದ್ದಾನೆ. ಅದರ ಹಿಂದಿನ ತೊಟ್ಟಿಯ ಮೇಲೆ ಕೂರಿಸಿ, ಬೇಡವಾದಾಗ ಇಳಿಸಿಡಬಹುದಾದ ಒಂದು ಗೂಡು ಮಾಡಿಸುತ್ತಿದ್ದಾನೆ. ಗಾಡಿ ಓಡುವಾಗ ಅದರ ಚಾವಣಿ ತಗ್ಗಿ ಕೂತಿರುತ್ತದೆ. ನಿಲ್ಲಿಸಿ ಎತ್ತಿದರೆ ಕೊಡೆ ಬಿಚ್ಚಿದಂತೆ ಮೇಲೇಳುತ್ತದೆ, ಸುತ್ತಲೂ ಕ್ಯಾನ್‌ವಾಸಿನ ಗೋಡೆ ಬಿಚ್ಚಿಕೊಳ್ಳುತ್ತದೆ. ಅಮೆರಿಕದಲ್ಲಿ ಇಂಥವು ದಶಕಗಳಿಂದ ಇವೆ. ನಮ್ಮಲ್ಲಿ ಗಾಡಿಯ ರೂಪ ಬದಲಾಯಿಸುವುದು ಸುಲಭವಲ್ಲ. ಕಂಪನಿ ತಯಾರಿಸಿದ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅದಕ್ಕೇ ಅವನು ಮೊದಲು ಆರ್.ಟಿ.ಓ. ಕಚೇರಿಗೆ ಹೋಗಿ ವಿಚಾರಿಸಿ, ಆಮೇಲೆ ಬಡಗಿಯ ಬಳಿ ಹೋದ.

ಹೊರಗಿನ ಚಿಪ್ಪು ಸಿದ್ಧವಾಯಿತು. ಒಳಗೆ ಏನಿರಬೇಕು ಎಂಬ ಪ್ರಶ್ನೆ ಬಂದಾಗ ಗಂಡ ಹೆಂಡತಿ ಇಬ್ಬರೂ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದರು. "ಅತ್ತೆ, ಇಷ್ಟು ವರ್ಷ ಸಣ್ಣ ಮನೇಲಿ ಸಂಸಾರ ಮಾಡಿದ್ದೀರಿ. ಎಲ್ಲಿ ಏನಿಡಬೇಕು, ನೀವೇ ಹೇಳಿ" ಎಂದ.

ಇರುವ ನೆಲ 5 ಅಡಿಗೆ 5 ಅಡಿ. ಡ್ರೈವರ್ ಕ್ಯಾಬಿನ್ನಿನ ಮೇಲೆ ಚಾಚಿದ ಭಾಗದಲ್ಲಿ ಇಬ್ಬರ ಹಾಸಿಗೆ. ಕೆಳಗೆ ಮಗುವಿಗೊಂದು ಪೆಟ್ಟಿಗೆಯ ಮಂಚ, ಅದರ ಹೊಟ್ಟೆಯಲ್ಲಿ ಬಟ್ಟೆಬರೆ. ಮಡಿಸುವ ಹಲಗೆಯೇ ಊಟದ ಮೇಜು, ಅದೇ ಕಿಟಕಿಯ ಕಟ್ಟೆ. ಇಂಥ ಜಾಗದಲ್ಲಿ ಒಂದೊಂದು ವಸ್ತುವೂ ಎರಡೆರಡು ಕೆಲಸ ಮಾಡಬೇಕು. ಕಷ್ಟ ತೂಕದ್ದು. 1 ಲೀಟರ್ ನೀರೆಂದರೆ 1 ಕಿಲೋ. 40 ಲೀಟರಿನ ಡಬ್ಬಿ ಇಟ್ಟರೆ 40 ಕಿಲೋ. ಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣ ಹೆಚ್ಚುಕಡಿಮೆ ಅಷ್ಟೇ. ಭಾರವಾದದ್ದು ಕೆಳಗಿರಬೇಕು, ಎಡಬಲ ಸಮವಾಗಿರಬೇಕು, ಹಿಂದಿನ ಚಕ್ರಕ್ಕಿಂತ ಹಿಂದಕ್ಕೆ ಜೋಲಬಾರದು. ಮೇಲೆ ತೂಕ ಕೂತರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಬೀರು ಮಾಡುವ ಮುಂಚೆ ಅದರ ಪ್ಲೈವುಡ್ಡನ್ನೂ ತೂಗಿ ನೋಡಬೇಕು ಎಂಬುದು ನನಗೆ ಹೊಸ ಪಾಠ. ನಮ್ಮ ಮನೆಗಳಲ್ಲಿ ಅಟ್ಟದ ಮೇಲೆ ಎಷ್ಟು ತುಂಬಿದರೂ ಕೇಳುವವರಿಲ್ಲವಲ್ಲ!

ಅವನ ನಕ್ಷೆಯಲ್ಲಿ ಒಲೆ ಒಳಗಿತ್ತು, ಬಾಗಿಲ ಪಕ್ಕದ ಮೂಲೆಯಲ್ಲಿ. ಅವಳು ಅದನ್ನೇ ನೋಡುತ್ತ, "ಅಲ್ಲಿಗೂ ಹೋಗಿ ನಾನು ಮೂಲೇಲೇ ನಿಲ್ಲಬೇಕಾ?" ಎಂದಳು. ಅವನು ನಕ್ಕ. ಅವಳು ನಗಲಿಲ್ಲ.

ಆ ಒಂದು ಮಾತು ನನ್ನನ್ನು ಹಳೆಯ ಕಮಾನು ಗಾಡಿಗಳ ಕಡೆಗೆ ಎಳೆದುಕೊಂಡು ಹೋಯಿತು. ನಮ್ಮ ಸೀಮೆಗೆ ಓಡಾಡುವ ಮನೆ ಹೊಸದೇನಲ್ಲ. ಬಿದಿರು ಬಗ್ಗಿಸಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹಾಸಿ, ಜಮಖಾನ ಬಿಡಿಸಿದರೆ ಮುಗಿಯಿತು. ಬೇಬಿ ಬೆಟ್ಟದ ದನಗಳ ಜಾತ್ರೆಗೆ, ಕೆ.ಆರ್. ಪೇಟೆ ಕಡೆಯ ಹೇಮಗಿರಿಗೆ, ಮೇಲುಕೋಟೆಯ ವೈರಮುಡಿಗೆ ಸಂಸಾರಗಳು ಹೊರಡುತ್ತಿದ್ದುದು ಹೀಗೆಯೇ. ಮರದ ಕೆಳಗೆ ಗಾಡಿ ಬಿಟ್ಟರೆ ಅದೇ ಬಿಡಾರ. ಗಂಡಸರು ಎತ್ತುಗಳಿಗೆ ನೀರು ಕುಡಿಸಿ, ಮೇವು ಹಾಕಿ, ಜಾತ್ರೆ ನೋಡಲು ಹೋಗುತ್ತಿದ್ದರು. ಹೆಂಗಸರು ಮೂರು ಕಲ್ಲು ಹುಡುಕುತ್ತಿದ್ದರು. ನನ್ನ ಅಜ್ಜಿ ವೈರಮುಡಿಗೆ ಎಷ್ಟೋ ವರ್ಷ ಹೋದವಳು. ಚೆಲುವರಾಯಸ್ವಾಮಿಯ ಉತ್ಸವ ಹೊರಡುವ ಹೊತ್ತಿಗೆ ಮಲಗಿದ ಮಕ್ಕಳನ್ನೂ ಗಾಡಿಯನ್ನೂ ಕಾಯಲು ಯಾರಾದರೊಬ್ಬರು ಬೇಕಲ್ಲ. ಆ ಒಬ್ಬರು ಯಾವಾಗಲೂ ಅವಳೇ. ಮೇಲುಕೋಟೆ ಹೇಗಿತ್ತಜ್ಜಿ ಎಂದು ಕೇಳಿದರೆ ಕಲ್ಯಾಣಿಯ ನೀರು, ಸೌದೆಯ ಹೊಗೆ, ಪಕ್ಕದ ಗಾಡಿಯವರ ಜಗಳ ಎಲ್ಲ ಹೇಳುತ್ತಿದ್ದಳು. ಕಿರೀಟದ ವಿಷಯ ಬಂದರೆ, "ಚೆನ್ನಾಗಿತ್ತಂತೆ" ಎನ್ನುತ್ತಿದ್ದಳು. ಆ 'ಅಂತೆ'ಯಲ್ಲಿ ದೂರು ಇರಲಿಲ್ಲ. ಇರಲಿಲ್ಲ ಎಂಬುದೇ ಈಗ ನನ್ನನ್ನು ಚುಚ್ಚುತ್ತದೆ.

ಹೊತ್ತೊಯ್ಯುವ ಮನೆಗಳಲ್ಲಿ ನಮ್ಮೂರಿನದೇ ಒಂದು ಜಗತ್ಪ್ರಸಿದ್ಧ. ಟಿಪ್ಪುವಿನ ಗುಡಾರವೆಂದು ಹೆಸರಾದದ್ದು ಈಗ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಪೋವಿಸ್ ಕೋಟೆಯ ಸಂಗ್ರಹದಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದು ಆಗ ಮದರಾಸಿನ ಗವರ್ನರ್ ಆಗಿದ್ದ ಎಡ್ವರ್ಡ್ ಕ್ಲೈವ್‌ನ ಮನೆತನಕ್ಕೆ ಸೇರಿತು. ಬಿಳಿ ಹತ್ತಿಬಟ್ಟೆಯ ಒಳಮೈ ತುಂಬ ಹೂದಾನಿ, ಹೂವು, ಬಳ್ಳಿ. ನಾವು ದರಿಯಾ ದೌಲತ್ತಿನಲ್ಲಿ ಗೋಡೆ ತುಂಬ ಚಿತ್ರ ನೋಡುತ್ತೇವಲ್ಲ, ಹಾಗೆ ಮಡಿಸಿ ಒಯ್ಯಬಹುದಾದ ಚಿತ್ರದ ಗೋಡೆ. ದಂಡಿನ ನಡುವೆಯೂ ದೊರೆಗೆ ಒಂದು ತೋಟ ಬೇಕೆನಿಸಿದ್ದರಲ್ಲಿ ತಪ್ಪೇನಿಲ್ಲ. ಆ ತೋಟವನ್ನು ಮೇಲೆ ಕ್ಲೈವ್ ಮನೆತನದವರು ತಮ್ಮ ಉದ್ಯಾನದ ಔತಣಗಳಿಗೆ ಬಳಸಿದರು.

ಇಂಥ ದಂಡಿನ ಸಾಮಾನನ್ನೆಲ್ಲ ಹೊರುತ್ತಿದ್ದದ್ದು ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ 'ಅಮೃತ ಮಹಲ್' ಎಂದು ಹೆಸರಿಟ್ಟವನು ಟಿಪ್ಪು. ಆ ರಾಸುಗಳ ಬಲದಿಂದಲೇ ಮೈಸೂರು ಸೈನ್ಯ ವೇಗಕ್ಕೆ ಹೆಸರಾಯಿತು. ಎದುರು ಬಂದ ಕಾರ್ನ್‌ವಾಲಿಸನ ಗತಿ ನೋಡಿ. 1791ರ ಮೇ 15ರಂದು ನಮ್ಮ ತಾಲ್ಲೂಕಿನದೇ ಅರಕೆರೆಯ ಬಳಿ ಅವನು ಗೆದ್ದ. ಗೆದ್ದರೂ ಕೋಟೆಗೆ ಮುತ್ತಿಗೆ ಹಾಕಲಾಗಲಿಲ್ಲ. ಮೇವಿಲ್ಲದೆ, ರೋಗ ಬಡಿದು ಎತ್ತುಗಳು ಸತ್ತವು. ಕನ್ನಂಬಾಡಿಯ ಬಳಿ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಎಷ್ಟು ಬೇಕು ಎಂದು ಯಜಮಾನ ಲೆಕ್ಕ ಹಾಕುತ್ತಾನೆ. ಎಷ್ಟು ಸಾಕು ಎಂದು ಎತ್ತಿನ ಹೆಗಲು ತೀರ್ಪು ಕೊಡುತ್ತದೆ.

'ಸಾಕು' ಎಂಬುದನ್ನು ಬೋಧಿಸುವವರು ಬಹಳ. ಕಡಿಮೆ ಸಾಮಾನಿನಲ್ಲಿ ಬದುಕುವುದೇ ಸೊಗಸು ಎನ್ನುತ್ತಾರೆ. ಆದರೆ ನಮ್ಮ ಮಂಡ್ಯ ಸೀಮೆಗೆ ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬರುವವರ ಬಿಡಾರ ನೋಡಿದ್ದೀರಾ? ಗದ್ದೆಯ ಅಂಚಿನಲ್ಲಿ ಒಂದು ಟಾರ್ಪಾಲು, ನಾಲ್ಕು ಪಾತ್ರೆ, ಒಂದು ಟ್ರಂಕು. ಇದಕ್ಕಿಂತ ಕಡಿಮೆಯಲ್ಲಿ ಬದುಕಲು ಸಾಧ್ಯವಿಲ್ಲ. ಅಲ್ಲಿ ಸೊಗಸೇನೂ ಕಾಣುವುದಿಲ್ಲ. ಅಲ್ಲಿನ ಹೆಂಗಸು ಮುಂಜಾನೆ ರೊಟ್ಟಿ ಬಡಿದು, ಹಗಲೆಲ್ಲ ಗಂಡಸಿನ ಸಮ ಕಬ್ಬು ಕಡಿದು, ಸಂಜೆ ಮತ್ತೆ ಅದೇ ಒಲೆಯ ಮುಂದೆ ಕೂರುತ್ತಾಳೆ. ಹಿಂದಿರುಗಲು ಬೀಗ ಹಾಕಿದ ಮನೆಯೊಂದು ಇರುವವರಿಗೆ ಮಾತ್ರ ಸಣ್ಣ ಮನೆ ಒಂದು ಆಟ. ಆಟ ಆಡಬಾರದೆಂದು ನಾನು ಹೇಳುತ್ತಿಲ್ಲ. ಆಡುವುದು ಆಟವೆಂದು ನೆನಪಿರಲಿ, ಆ ಆಟದಲ್ಲೂ ಒಬ್ಬರಿಗೆ ಮಾತ್ರ ದುಡಿಮೆ ಉಳಿಯದಿರಲಿ.

ಹಾಗಾದರೆ ಒಲೆಯನ್ನು ಬಿಟ್ಟೇ ಹೋಗಬೇಕೆ? ಅವಳೂ ಅದನ್ನು ಹೇಳಲಿಲ್ಲ. ಬೆಟ್ಟದ ಬುಡದಲ್ಲಿ ಬೆಳಗಿನ ಚಳಿಗೆ ಬಿಸಿ ಕಾಫಿ ಯಾರಿಗೆ ಬೇಡ? ಅವಳ ತಕರಾರು ಒಲೆಯ ಮೇಲಲ್ಲ, ಮೂಲೆಯ ಮೇಲೆ. ಸಣ್ಣ ಮುಚ್ಚಿದ ಗೂಡಿನೊಳಗೆ ಗ್ಯಾಸ್ ಉರಿಸುವುದು ಹೇಗೂ ಅಪಾಯ. ಗಾಳಿಯಾಡದಿದ್ದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡು ಮಲಗಿದವರನ್ನು ಏಳಗೊಡುವುದಿಲ್ಲ. ಹಬೆಯಿಂದ ಕ್ಯಾನ್‌ವಾಸೂ ಬೆವರಿ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಒಲೆ ಹಿಂಬಾಗಿಲಿನ ಕಡೆ ಹೊರಕ್ಕೆ ಎಳೆಯುವ ಖಾನೆಯ ಮೇಲೆ ಹೋಯಿತು. ಬಯಲಿನಲ್ಲಿ, ಎಲ್ಲರ ಕಣ್ಣೆದುರು. ಅಲ್ಲಿ ನಿಂತವರಿಗೂ ಬೆಟ್ಟ ಕಾಣುತ್ತದೆ.

ಇನ್ನು ಉಳಿದದ್ದು ಎತ್ತರ. ಬಡಗಿ ಅಳತೆ ಟೇಪು ಹಿಡಿದು, ಅಭ್ಯಾಸಬಲದಿಂದ, ಅವಳನ್ನು ನಿಲ್ಲಲು ಕರೆದ. ನಾನು ಹೇಳಿದೆ, "ಅವಳನ್ನಲ್ಲಪ್ಪ, ಅವನನ್ನು ನಿಲ್ಲಿಸಿ ಅಳತೆ ತಗೋ." ತಮ್ಮನ ಮಗ 6 ಅಡಿ ಎತ್ತರದವನು, ಅವಳು 5 ಅಡಿ. ಅವನ ಸೊಂಟಕ್ಕೆ ಕೂರಿಸಿದ ಹಲಗೆಯ ಮೇಲೆ ಅವಳು ದಿನವೂ ಅಡಿಗೆ ಮಾಡುವುದು ಕಷ್ಟ. ಒಂದು ಕ್ಷಣ ಅವನು ಸುಮ್ಮನಿದ್ದ. ಆಮೇಲೆ ಚಪ್ಪಲಿ ಬಿಟ್ಟು ನೆಟ್ಟಗೆ ನಿಂತ. "ಸರಿಯಾಗಿ ಅಳೆಯಣ್ಣ, ಆಮೇಲೆ ನನ್ನ ಬೆನ್ನು ನೋಯಬಾರದು" ಎಂದ. ಇದು ಸೇಡೆಂದು ಯಾರೂ ತಿಳಿಯಬೇಕಾಗಿಲ್ಲ. ಮನೆಯಲ್ಲಿ ವರ್ಷಕ್ಕೆ 350 ದಿನ ಅವಳ ಎತ್ತರದ ಕಟ್ಟೆ ಇದ್ದೇ ಇದೆ.

ಯಾರು ಬೇಯಿಸಬೇಕು ಎಂಬ ಮಾತು ಅಡಿಗೆಯ ಹೊತ್ತಿಗೆ ಬಂದರೆ ಅದು ಜಗಳವಾಗುತ್ತದೆ. ಆ ಹೊತ್ತಿಗೆ ಮಾತು ತಡವಾಗಿರುತ್ತದೆ. ಕಟ್ಟುವಾಗಲೇ ಹಲಗೆಯ ಎತ್ತರ, ಮೂಲೆಯ ಕತ್ತಲೆ, ನೀರಿನ ಡಬ್ಬಿ ಇಡುವ ಜಾಗ ಎಲ್ಲವೂ ಯಾರು ದುಡಿಯಬೇಕೆಂದು ಸದ್ದಿಲ್ಲದೆ ತೀರ್ಮಾನಿಸಿರುತ್ತವೆ. ಒಳ್ಳೆಯತನ ಮನಸ್ಸಿನಲ್ಲಿದ್ದರೆ ಸಾಲದು, ಅದು ಮರದಲ್ಲೂ ಮೊಳೆಯಲ್ಲೂ ಇಳಿಯಬೇಕು. ನಿಮ್ಮ ಅಡಿಗೆಮನೆಯ ಕಟ್ಟೆಯ ಮುಂದೆ ಒಮ್ಮೆ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿ ನೋಡಿ. ಅದು ಯಾರ ಸೊಂಟಕ್ಕೆ ಸರಿಯಾಗಿ ಕೂರುತ್ತದೆ?