ಬಾಳಿದ ಬದುಕು ಮತ್ತು ಓದುವ ಪುಸ್ತಕ

ತುಮಕೂರು ಸೀಮೆಯ ಪ್ರೌಢಶಾಲೆಗಳಲ್ಲಿ ಓದು ಬಿಡುವ ಅಂಚಿಗೆ ಬಂದ ಮಕ್ಕಳ ಕೈಗೆ ಅವರ ಬದುಕಿಗೆ ಹತ್ತಿರವಾದ ಪುಸ್ತಕ ಕೊಡಬೇಕು ಎಂಬ ಮಾತಿನ ಬುಡದಲ್ಲಿ ತತ್ತ್ವದ ಪ್ರಶ್ನೆಯೊಂದಿದೆ. ಅರಿವು ಹೊರಗಿನಿಂದ ಬಂದು ಮನುಷ್ಯನನ್ನು ತುಂಬುತ್ತದೆಯೋ, ಅವನು ಬಾಳಿದ ಅನುಭವದಿಂದಲೇ ಮೊದಲಾಗುತ್ತದೆಯೋ?

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಒಂಬತ್ತು ಮತ್ತು ಹತ್ತನೆಯ ತರಗತಿಗಳು ಅದರ ಆಸರೆಯ ಆಚೆ ಉಳಿದಿವೆ. ಕೂಲಿ, ಬಾಲ್ಯವಿವಾಹ, ಮನೆಯ ಸಾಲ, ಎಸ್ಸೆಸ್ಸೆಲ್ಸಿಯ ಭಯ ಇವೆಲ್ಲ ಮಕ್ಕಳನ್ನು ಶಾಲೆಯಿಂದ ಎಳೆಯುವುದೂ ಈ ವಯಸ್ಸಿನಲ್ಲೇ. ಇಂಥ ವಿದ್ಯಾರ್ಥಿಗೆ ಹಸಿವು, ದುಡಿಮೆ, ಅವಮಾನಗಳ ತಿಳಿವಳಿಕೆ ಸಾಕಷ್ಟಿರುತ್ತದೆ. ಆ ತಿಳಿವಳಿಕೆಗೆ ತರಗತಿಯಲ್ಲಿ ಬೆಲೆ ಸಿಗುವುದಿಲ್ಲ.

ಅರಿವು ಎಲ್ಲಿಂದ ಮೊದಲಾಗುತ್ತದೆ ಎಂಬ ಪ್ರಶ್ನೆಗೆ ಹನ್ನೆರಡನೆಯ ಶತಮಾನದ ಶರಣರು ಕೊಟ್ಟ ಉತ್ತರ ಸ್ಪಷ್ಟವಾಗಿದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ ತಮ್ಮ ಕಾಯಕದ ಒಳಗಿನಿಂದಲೇ ಪರಮಾರ್ಥವನ್ನು ಮಾತಾಡಿದರು. ಅವರ ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಗೂ ತುಮಕೂರು ಸೀಮೆಗೂ ನಂಟಿದೆ. ಅದರ ನಾಲ್ಕು ಪಠ್ಯಗಳಲ್ಲಿ ಕೊನೆಯದನ್ನು ರಚಿಸಿದ ಗೂಳೂರು ಸಿದ್ಧವೀರಣ್ಣೊಡೆಯರು ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಗೊಂಡ ತೋಂಟದ ಸಿದ್ಧಲಿಂಗರ ಪರಂಪರೆಯವರು. ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಲಕ್ಕಮ್ಮ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯನ ಮಡದಿ. ಗಂಡ ಅಗತ್ಯಕ್ಕಿಂತ ಹೆಚ್ಚು ತಂದ ದಿನ ಅದನ್ನು ಮರಳಿ ಸುರಿದು ಬರುವಂತೆ ಹೇಳಿ, ಆಸೆಯ ಮಿತಿಯನ್ನು ಅವನಿಗೆ ಕಲಿಸುತ್ತಾಳೆ. ಬಡವರ ಮನೆಯ ದಿನನಿತ್ಯದ ಲೆಕ್ಕವೇ ಅಲ್ಲಿ ತತ್ತ್ವವಾಗುತ್ತದೆ.

ಆಧುನಿಕ ಕನ್ನಡ ಸಾಹಿತ್ಯವೂ ಇದೇ ದಾರಿಯನ್ನು ತೆರೆದಿದೆ. ಕುಣಿಗಲ್‌ಗೆ ಹೊಂದಿಕೊಂಡ ಮಾಗಡಿ ಸೀಮೆಯ ಬಾಲ್ಯವನ್ನು ಸಿದ್ಧಲಿಂಗಯ್ಯನವರ ‘ಊರುಕೇರಿ’ ಹೇಳುತ್ತದೆ. ತಂದೆಯ ಹೆಗಲ ಮೇಲೆ ನೊಗವಿದ್ದುದನ್ನು ಕಂಡ ಹುಡುಗ ಓದಿ ಕವಿಯಾಗುವ ಕಥನ ಅದು. ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯಲ್ಲಿ ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನನ್ನು ವಿಜ್ಞಾನಿಯೊಬ್ಬ ಹುಟ್ಟು ಜೀವಶಾಸ್ತ್ರಜ್ಞನೆಂದು ಗುರುತಿಸುತ್ತಾನೆ. ಇದನ್ನು ಓದುವ, ಸಾಲುಸಾಲಾಗಿ ನಪಾಸಾದ ಹುಡುಗನಿಗೆ ಈ ಗುರುತಿಸುವಿಕೆ ದೊಡ್ಡ ಮಾತು: ಕಾಡಿನಲ್ಲಿ ತಿರುಗಿ ಕಂಡುಕೊಂಡದ್ದೂ ಜ್ಞಾನವೇ.

ಬದುಕಿಗೆ ಹತ್ತಿರವಾದ ಪುಸ್ತಕ ಕೊಡಬೇಕೆಂಬ ಮಾತಿಗೆ ಗಟ್ಟಿಯಾದ ಆಕ್ಷೇಪವೊಂದಿದೆ. ತನ್ನಂಥವರ ಕಥೆಯನ್ನೇ ಓದುತ್ತಾ ಹೋದರೆ ಮಗು ತನ್ನ ಜಾತಿ, ಕೇರಿ, ಕಷ್ಟಗಳಲ್ಲೇ ಸಿಕ್ಕಿಬೀಳುವುದಿಲ್ಲವೇ? ಅಮೆರಿಕದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಪುಸ್ತಕವನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿ, ಮಗುವಿಗೆ ಎರಡೂ ಬೇಕೆಂದರು. ಶೂನ್ಯಸಂಪಾದನೆ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುವ ಮುಕ್ತಾಯಕ್ಕನ ದುಃಖವನ್ನು ಅದರ ಕೇಂದ್ರದಲ್ಲಿರುವ ಶರಣ ಅಲ್ಲಮ ತಳ್ಳಿಹಾಕುವುದಿಲ್ಲ, ಅದರಲ್ಲೇ ಅವಳನ್ನು ಬಿಟ್ಟೂ ಹೋಗುವುದಿಲ್ಲ. ಪ್ರಶ್ನೆ ಕೇಳುತ್ತಾನೆ, ಅವಳೂ ಮರುಪ್ರಶ್ನೆ ಹಾಕುತ್ತಾಳೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನಿಗೂ ಅಲ್ಲಮನ ಪ್ರಶ್ನೆಗಳ ಈ ಪರೀಕ್ಷೆ ತಪ್ಪಲಿಲ್ಲ. ಅನುಭವ ಅರಿವಿಗೆ ಮೊದಲ ಮೆಟ್ಟಿಲು; ಪ್ರಶ್ನೆಗೆ ಒಡ್ಡಿಕೊಂಡಾಗಲೇ ಅದು ಅರಿವಾಗಿ ಮಾಗುತ್ತದೆ.

ಹತ್ತಿರದ ಬದುಕು ಯಾವುದೆಂಬುದನ್ನೂ ಹಿರಿಯರೇ ತೀರ್ಮಾನಿಸುವಂತಿಲ್ಲ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ತೆಂಗು, ರಾಗಿಯ ಸೀಮೆಯ ಮಕ್ಕಳಿಗೆ ಇಂದು ಹೊಲವೂ ಹತ್ತಿರ, ಕಾರ್ಖಾನೆಯೂ ಹತ್ತಿರ. ಹಳ್ಳಿಯ ಮಗುವಿಗೆ ಹಳ್ಳಿಯ ಕಥೆ ಸಾಕೆನ್ನುವುದು ಅದರ ಕುತೂಹಲಕ್ಕೆ ಬೇಲಿ ಹಾಕಿದಂತೆ. ಯಂತ್ರದ ಪುಸ್ತಕವೂ ದೂರದ ನಾಡಿನ ಕಥೆಯೂ ಅದಕ್ಕೆ ತನ್ನದೆನ್ನಿಸಬಹುದು.

ಆದ್ದರಿಂದ ಆಯ್ಕೆ ಓದುವವರದ್ದಾಗಬೇಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳನ್ನು ಉಚಿತವಾಗಿ ಸದಸ್ಯರಾಗಿಸಿಕೊಂಡಿವೆ. ಅಲ್ಲಿ ಪುಸ್ತಕವನ್ನು ತಿರುವಿ ನೋಡಿ, ಹಿಡಿಸದಿದ್ದರೆ ಮರಳಿ ಇಡುವ ಸ್ವಾತಂತ್ರ್ಯವೂ ಓದಿನ ಭಾಗವೇ. ಕಥೆ ಮುಗಿದೊಡನೆ ನೀತಿಯನ್ನು ಬರೆಸುವ ಅಭ್ಯಾಸ ಆ ಸ್ವಾತಂತ್ರ್ಯವನ್ನು ಕಸಿಯುತ್ತದೆ. ಲಕ್ಕಮ್ಮ ಮಾಡಿದ್ದು ಸರಿಯೇ, ಹಸಿದ ಮನೆಯಲ್ಲಿ ಹೆಚ್ಚಿನ ಅಕ್ಕಿ ತಪ್ಪೇ ಎಂದು ಶಿಕ್ಷಕರು ಕೇಳಿ, ಬರುವ ಉತ್ತರಕ್ಕೆ ಕಿವಿಗೊಡಬೇಕು. ಆ ಉತ್ತರ ಶಿಕ್ಷಕರು ಎಣಿಸಿದ್ದಕ್ಕಿಂತ ಬೇರೆಯಾಗಿದ್ದರೂ ಸರಿಯೆ; ತಾನು ಬಾಳಿದ್ದನ್ನು ಆಧಾರವಾಗಿಟ್ಟು ವಾದಿಸಬಲ್ಲ ವಿದ್ಯಾರ್ಥಿಗೆ ಶಾಲೆಯಲ್ಲಿ ಉಳಿಯಲು ಸ್ವಂತದ ಕಾರಣವೊಂದು ಸಿಕ್ಕಿರುತ್ತದೆ.